ನಿಮ್ಮ ಬಾಗಿಲಿಗೆ ಅಂಟಿಸಿರುವ ಕೈ

ಸಮಕಾಲೀನ ಕಲಾ ಗ್ಯಾಲರಿಯ ಮಾನ್ಯ ನಿರ್ದೇಶಕರೇ,

ನಿಮ್ಮ ಬಾಗಿಲಲ್ಲಿ, ಟಿಕೆಟ್ ಕಿಟಕಿಯ ಎಡಕ್ಕೆ, ಒಂದು ದೊಡ್ಡ ಫೋಟೋ ಅಂಟಿಸಿದ್ದೀರಿ. ಬಿಳಿ ಬಟ್ಟೆಯ ಮೇಲೆ ಒಂದು ಕೈ, ಅದರ ಮೇಲೆ ಅಡ್ಡಲಾಗಿ ಕೆಂಪು ಗೀಟು, ಕೆಳಗೆ ‘ದಯವಿಟ್ಟು ಹೀಗೆ ಮಾಡಬೇಡಿ’ ಎಂಬ ಒಕ್ಕಣೆ. ಆ ಕೈ ನನ್ನ ಅಕ್ಕನದು. ಅದನ್ನು ಬರುವ ಭಾನುವಾರದೊಳಗೆ ತೆಗೆಸಿ ಎಂದು ಕೇಳಲು ಈ ಬಹಿರಂಗ ಪತ್ರ. ಖಾಸಗಿಯಾಗಿ ಎರಡು ಸಲ ಬರೆದೆ. ‘ಮುಖ ಕಾಣದಂತೆ ಕತ್ತರಿಸಿದ್ದೇವೆ, ಯಾರಿಗೂ ಗುರುತು ಸಿಗದು’ ಎಂದು ನಿಮ್ಮ ಕಚೇರಿ ಉತ್ತರಿಸಿತು. ಅಲ್ಲ ಸ್ವಾಮಿ, ಆ ಮಣಿಕಟ್ಟಿನ ಮೇಲೆ ಇಸ್ತ್ರಿ ಯಂತ್ರ ಸುಟ್ಟ ಗಾಯದ ಗುರುತಿದೆಯಲ್ಲ, ಅದು ಅಷ್ಟು ದೊಡ್ಡದಾಗಿ ಕಾಣುತ್ತಿರುವಾಗ ಮುಖ ಯಾಕೆ ಬೇಕು? ಆ ಕೈಯಿಂದ ನಾನು ತುತ್ತೂ ತಿಂದಿದ್ದೇನೆ, ಏಟೂ ತಿಂದಿದ್ದೇನೆ.

ನನ್ನ ಪರಿಚಯದಲ್ಲಿ ಹೆಮ್ಮೆಪಡುವಂಥದ್ದೇನಿಲ್ಲ. ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಆರು ವರ್ಷಗಳಿಂದ ತಿಂಗಳಿಗೊಮ್ಮೆ ತಪ್ಪದೆ ನಿಮ್ಮಲ್ಲಿಗೆ ಬರುತ್ತೇನೆ. ನೋಡಿದ್ದೆಲ್ಲ ಅರ್ಥವಾಗುತ್ತದೆಂದು ಹೇಳಿದರೆ ನಾಲಿಗೆ ಸೇದಿಹೋದೀತು. ಆದರೆ ಯಾವ ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆಯನ್ನು ಎಷ್ಟು ಓರೆ ಮಾಡಬೇಕು ಎಂಬುದನ್ನು ಬೇರೆಯವರನ್ನು ನೋಡಿ ಕಲಿತಿದ್ದೇನೆ. ಖಾಲಿ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿಸುವ ಕೃತಿ ಇಟ್ಟಿದ್ದಿರಲ್ಲ, ಅಲ್ಲಿ ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ನಿಂತಿದ್ದೆ. ಮನೆಯ ನಲ್ಲಿ ರಿಪೇರಿಗೆ ಬಂದದ್ದು ನೆನಪಾದರೂ ಕದಲಲಿಲ್ಲ. ಒಮ್ಮೊಮ್ಮೆ ನಿಜವಾಗಿ ಎದೆಗೆ ತಟ್ಟುವುದೂ ಉಂಟು, ಅದಕ್ಕೇ ಮತ್ತೆ ಮತ್ತೆ ಬರುವುದು.

ಈ ಸಲ ನೀವು ಇಟ್ಟಿರುವುದು ಬೆಡ್‌ಶೀಟುಗಳ ಗೋಡೆ. ಆಸ್ಪತ್ರೆಯ ನೂರಾರು ಹಳೆಯ ಬೆಡ್‌ಶೀಟುಗಳು, ಮಡಚಿ, ನೆಲದಿಂದ ಸೂರಿನವರೆಗೆ ಪೇರಿಸಿದ್ದು. ಪಕ್ಕದ ಫಲಕದಲ್ಲಿ ‘ಕಣ್ಣಿಗೆ ಬೀಳದ ಕೈಗಳಿಗೆ ನಮನ’ ಎಂದಿತ್ತು. ಅದನ್ನು ಓದಿಯೇ ನನಗೆ ಅಕ್ಕನನ್ನು ಕರೆತರಬೇಕೆನಿಸಿದ್ದು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು.

“ಅಲ್ಲಿ ಏನಿರತ್ತೋ?” ಅಂದಳು.

“ಬೆಡ್‌ಶೀಟು.”

“ಅಯ್ಯೋ ನಿನ್ನ! ಅದನ್ನ ನೋಡೋಕೆ ಟಿಕೆಟ್ಟಾ? ಮನೇಲೇ ತೋರಿಸ್ತಿದ್ನಲ್ಲೋ!”

ಆದರೂ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದಳು. ಮೊದಲೆರಡು ಕೋಣೆಗಳಲ್ಲಿ ನನ್ನ ಬೆನ್ನಿಗೇ ಅಂಟಿಕೊಂಡು, ಸದ್ದಾಗದಂತೆ ಹೆಜ್ಜೆ ಹಾಕಿದಳು. ಆ ಗೋಡೆಯ ಮುಂದೆ ನಿಂತದ್ದೇ ಹುಬ್ಬು ಗಂಟಿಕ್ಕಿದಳು. ಎದೆಯೆತ್ತರದ ಸಾಲಿನಲ್ಲಿ ಒಂದು ಬೆಡ್‌ಶೀಟು ಹಿಂದುಮುಂದಾಗಿತ್ತು. ಲಾಂಡ್ರಿಯವರ ಕಟ್ಟುನಿಟ್ಟೇನೆಂದರೆ, ಮಡಿಕೆ ಹೊರಗಿರಬೇಕು, ಬಿಡಿ ಅಂಚುಗಳು ಒಳಗಿರಬೇಕು. ಇಲ್ಲದಿದ್ದರೆ ಅವಸರದಲ್ಲಿ ನರ್ಸ್ ಒಂದನ್ನು ಎಳೆದರೆ ಜೊತೆಗೆ ಇನ್ನೆರಡು ನೆಲಕ್ಕೆ ಬೀಳುತ್ತವೆ, ಬಿದ್ದವು ಮತ್ತೆ ಒಗೆಯಲು ಬರುತ್ತವೆ. “ಯಾರೋ ಇದನ್ನ ಜೋಡಿಸಿದ್ದು? ಒಂದೆಳೆದ್ರೆ ಮೂರು ಬರತ್ತೆ” ಎನ್ನುತ್ತಲೇ ಅವಳ ಕೈ ಮುಂದೆ ಹೋಯಿತು. ಎಳೆದಳು, ಕೊಡವಿದಳು, ಗದ್ದದಡಿ ಸಿಕ್ಕಿಸಿಕೊಂಡು ಮಡಚಿದಳು, ಅಂಗೈಯಿಂದ ಸವರಿ ಒಳಗೆ ತಳ್ಳಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆರು ವರ್ಷಗಳಲ್ಲಿ ನಿಮ್ಮ ಗ್ಯಾಲರಿಯಲ್ಲಿ ನಾನು ಕಂಡ ಅತ್ಯಂತ ಚೆಂದದ ಸಂಗತಿ ಅದೇ. ಆದರೆ ಅದು ನನಗೆ ಹೊಳೆದದ್ದು ಮನೆಗೆ ಹೋದ ಮೇಲೆ.

“ಏಯ್, ಯಾರಮ್ಮಾ ಅದು! ಕೈ ತೆಗೀರಿ! ಇವರ ಜೊತೆ ಯಾರು ಬಂದಿದ್ದೀರಿ?” ನಿಮ್ಮ ಕಾವಲುಗಾರನ ಕೂಗಿಗೆ ಇಡೀ ಕೋಣೆ ತಿರುಗಿತು. ತಲೆ ಓರೆ ಮಾಡಲು ನಾನು ಯಾರಿಂದ ಕಲಿತಿದ್ದೆನೋ ಅವರೆಲ್ಲರೂ ತಿರುಗಿದರು. ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಸರಿದು ಫಲಕ ಓದತೊಡಗಿದೆ. ಕಣ್ಣಿಗೆ ಬೀಳದ ಕೈಗಳಿಗೆ ನಮನ. ಮೂರು ಸಲ ಓದಿದೆ. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಕಾವಲುಗಾರನಿಗೆ ಹೇಳಿದಳು, “ಯಾರೂ ಇಲ್ಲಪ್ಪಾ, ಒಬ್ಬಳೇ ಬಂದೆ.”

ಕಾವಲುಗಾರ ಅವಳನ್ನು ಹೊರಗೆ ಕಳಿಸಿದ ಹತ್ತು ನಿಮಿಷಕ್ಕೆ, ಉಳಿದ ಕೋಣೆಗಳನ್ನು ನೋಡಿದವನಂತೆ ನಟಿಸಿ, ನಾನೂ ಹೊರಬಂದೆ. ಮೆಟ್ಟಿಲ ಮೇಲೆ ಕೂತಿದ್ದಳು. ಬೈಯಲಿ ಎಂದು ಕಾದೆ. ಅವಳು ಕೇಳಿದ್ದು ಇಷ್ಟು: “ನಿನಗೇನೂ ಅನ್ನಲಿಲ್ಲ ತಾನೇ?”

ಮುಟ್ಟಬಾರದು ಎಂಬ ನಿಯಮದ ಮೇಲೆ ನನಗೆ ಜಗಳವಿಲ್ಲ. ಎಲ್ಲರೂ ಮುಟ್ಟಿದರೆ ಏನೂ ಉಳಿಯದು. ಹಗ್ಗ ಕಟ್ಟಿ, ಬೋರ್ಡು ಹಾಕಿ. ಆದರೆ ಕಣ್ಣಿಗೆ ಬೀಳದ ಕೈಗಳಿಗೆ ನಮನ ಎಂದಿರಿ, ಅಂಥದೊಂದು ಕೈ ತಾನಾಗಿ ಬಂದು ಕಣ್ಣಿಗೆ ಬಿದ್ದಾಗ ಅದರ ಮೇಲೆ ಕೆಂಪು ಗೀಟು ಎಳೆದಿರಿ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದರೆ ಇದೇ ಅಲ್ಲವೇ? ಅಥವಾ ಕಣ್ಣಿಗೆ ಬೀಳದಿದ್ದರೆ ಮಾತ್ರ ನಮನವೇ? ಮೂರು ವಾರದ ಹಿಂದೆ ಮತ್ತೆ ಬಂದು ನೋಡಿದೆ. ಅವಳು ಸರಿಮಾಡಿದ್ದನ್ನು ಮತ್ತೆ ಹಿಂದುಮುಂದು ಮಾಡಿಟ್ಟಿದ್ದೀರಿ, ‘ಮೂಲ ಸ್ಥಿತಿಗೆ ಮರಳಿಸಲಾಗಿದೆ’ ಎಂಬ ಚೀಟಿಯೂ ಇದೆ. ತಪ್ಪನ್ನು ಇಷ್ಟು ಶ್ರದ್ಧೆಯಿಂದ ಕಾಪಾಡುವವರನ್ನು ನಾನು ನಮ್ಮ ಕಚೇರಿಯಲ್ಲೂ ಕಂಡಿಲ್ಲ. ಬಾಗಿಲ ಫೋಟೋ ಕಣ್ಣಿಗೆ ಬಿದ್ದದ್ದೂ ಅವತ್ತೇ.

ಭಾನುವಾರದ ಗಡುವು ಯಾಕೆಂದರೆ, ಅಕ್ಕನಿಗೆ ಈ ಫೋಟೋದ ವಿಷಯ ಗೊತ್ತಿಲ್ಲ. ಮೊನ್ನೆ ಕಾಳು ಆರಿಸುತ್ತಾ ಕೂತವಳು ತಟ್ಟನೆ ಅಂದಳು, “ಆ ಕೆಳಗಿನ ಸಾಲಲ್ಲೂ ಎರಡು ತಪ್ಪಿತ್ತು ಕಣೋ. ಭಾನುವಾರ ಇನ್ನೊಂದ್ಸಲ ಹೋಗೋಣ್ವಾ? ಮುಟ್ಟಲ್ಲಪ್ಪಾ, ನಿನ್ನಾಣೆ. ಬಾಯಲ್ಲಿ ಹೇಳಿ ಬರ್ತೀನಿ ಅಷ್ಟೆ. ನೀನು ಬೇಕಾದ್ರೆ ದೂರ ನಿಂತ್ಕೋ.”

ದೂರ ನಿಂತುಕೋ ಎಂದಳಲ್ಲ, ಅಲ್ಲಿಗೆ ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ಭಾನುವಾರ ಹನ್ನೊಂದಕ್ಕೆ ನಾವಿಬ್ಬರೂ ಬರುತ್ತೇವೆ. ಆ ಬಾಗಿಲಲ್ಲಿ ಅವಳು ತನ್ನ ಕೈಯನ್ನೇ ನೋಡುವಂತಾಗಬಾರದು. ಇದು ನನ್ನ ಬೇಡಿಕೆ. ಎಚ್ಚರಿಕೆಗೆಂದು ಅಲ್ಲೊಂದು ಫೋಟೋ ಇರಲೇಬೇಕು ಎನ್ನುವುದಾದರೆ, ಈ ಫೋಟೋ ಸಿಕ್ಕ ನಿಮ್ಮ ಕಾವಲು ಕ್ಯಾಮೆರಾದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅದೇ ಕ್ಷಣದಲ್ಲಿ, ಅದೇ ಕೋಣೆಯಲ್ಲಿ, ಬೂದುಬಣ್ಣದ ಸ್ವೆಟರಿನ ಒಬ್ಬ ಗಂಡಸು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಅದನ್ನು ದೊಡ್ಡದು ಮಾಡಿಸಿ ಅಂಟಿಸಿ. ಮುಖ ಕತ್ತರಿಸಬೇಕಿಲ್ಲ. ಕೆಳಗಿನ ಒಕ್ಕಣೆಯನ್ನೂ ಬದಲಿಸಬೇಕಿಲ್ಲ.

ಇಂತಿ,
‘ಯಾರೂ ಇಲ್ಲಪ್ಪಾ’ ಎಂದು ಅವಳು ಹೇಳಿದಾಗ ಪಕ್ಕದಲ್ಲೇ ನಿಂತಿದ್ದ ತಮ್ಮ