ಉಪ್ಪಿಟ್ಟು ಮಾಡಿದ್ದು ಅಪ್ಪ

ಅಪ್ಪ,

ನೀನು ತೋಟದಿಂದ ಬರುವಷ್ಟರಲ್ಲಿ ನಾನು ಎಂದಿನಂತೆ ಕಡೂರಿನ ಬಸ್ಸು ಹತ್ತಿರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ಅಮ್ಮನ ಮಂಡಿಗೆ ಎಣ್ಣೆ ಹಚ್ಚಿ ಆಯಿತು. ಕಾಯಿ ಕೀಳುವವರು ಮಧ್ಯಾಹ್ನ ಬರುತ್ತಾರಂತೆ.

ಡಬ್ಬಿಯಲ್ಲಿ ಚಪಾತಿ ಇದೆ. ನಾನೇ ಮಾಡಿದ್ದು, ಅಂಚು ಸೀದಿದೆ, ಬೈಯಬೇಡ. ಮೊನ್ನೆಯಿಂದ ನೀನು ಒಲೆಯ ಮುಂದೆ ನಿಂತಿಲ್ಲ. ಅಮ್ಮ ಕೇಳಿದರೆ "ಯಾಕೋ ಬೇಜಾರು ಕಣೇ" ಅನ್ನುತ್ತೀಯ. ಯಾಕೆಂದು ನನಗೆ ಗೊತ್ತು.

ಮೊನ್ನೆ ನನ್ನನ್ನು ನೋಡಲು ಬಂದ ತರೀಕೆರೆಯ ಹುಡುಗನ ತಂದೆ ರುದ್ರಮೂರ್ತಿಯವರು "ಮಿಲಿಟ್ರೀಲಿ ಏನಾಗಿದ್ರಿ?" ಎಂದಾಗ ನೀನು "ಅಡುಗೆ ಮಾಡ್ತಿದ್ದೆ ಕಣ್ರೀ, ಈ ಉಪ್ಪಿಟ್ಟೂ ನಂದೇ" ಎಂದೆ. ನಾಲ್ಕು ಜನರೆದುರು ಬಾಯಿ ಬಿಡದ ನಾನು ಅವತ್ತು ಬಾಯಿ ಬಿಟ್ಟು, "ಅಪ್ಪ ತಮಾಷೆ ಮಾಡ್ತಾರೆ, ಗಡೀಲಿ ಗನ್ ಹಿಡಿದಿದ್ರು" ಎಂದುಬಿಟ್ಟೆ. ನೀನು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹಿಮದಲ್ಲಿ ಒಲೆ ಹಚ್ಚಿ ಇಡೀ ತುಕಡಿಗೆ ಉಣಿಸಿದವನನ್ನು, ಅಮ್ಮ ಮಂಡಿ ನೋವಿಂದ ಮಲಗಿದ ಮೇಲೆ ನಮಗೆ ಉಣಿಸುತ್ತಿರುವವನನ್ನು, ಅವನ ಮನೆಯಲ್ಲೇ ತಲೆ ತಗ್ಗಿಸುವಂತೆ ಮಾಡಿದೆ. ನಿನ್ನ ಮುಖ ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಹುಡುಗನಿಗೆ ಫೋನ್ ಮಾಡಿ ನಿಜ ಹೇಳಿದೆ. "ಅದ್ರಲ್ಲಿ ಮುಚ್ಚಿಡೋದೇನಿತ್ತು ಕಣ್ರೀ?" ಎಂದ.

ಭಾನುವಾರ ಅವರು ಮತ್ತೆ ಬರುತ್ತಾರೆ. ನೀನು ಅಡುಗೆ ಮಾಡು ಎಂದು ಕೇಳುವ ಮುಖ ನನಗಿಲ್ಲ. ಮಾಡುವುದಾದರೆ ಈರುಳ್ಳಿ ಹೆಚ್ಚುವುದಕ್ಕೆ ನನ್ನನ್ನು ಕರೆ. ಯಾರು ಮಾಡಿದ್ದೆಂದು ಅವರು ಕೇಳುವ ಮೊದಲೇ ನಾನು ಹೇಳುತ್ತೇನೆ.

ಸ್ಫೂರ್ತಿ