ಪಾಸಾದದ್ದಕ್ಕೆ ಸಕ್ಕರೆ

ಏಪ್ರಿಲ್ 9

ಮತ್ತೆ ಅದೇ. ನಲ್ಲಿಗೆ ನೀರಿಲ್ಲ, ಬೋರಿನ ಮುಂದೆ ಪಾಳಿ. ಕೊಡ ಇಟ್ಟು ಬಂದು ರೊಟ್ಟಿ ಬಡಿದೆ. ಪರೀಕ್ಷೆ ಮುಗಿಯಿತು, ಬೇಸಿಗೆ ರಜೆ ಅಂತಾರೆ. ಯಾರಿಗೆ ರಜೆ? ಶಾಲೆ ಇದ್ದಾಗ ಕೂರಲು ಒಂದು ಬೆಂಚಾದರೂ ಇತ್ತು.

ಮಧ್ಯಾಹ್ನ ಗದ್ದೆಮ್ಮತ್ತಿ ಬಂದಳು. ಅಪ್ಪನ ಅಕ್ಕ, ಹಿಂದಿನ ಓಣಿಯಲ್ಲೇ ಮನೆ. ಬಂದವಳೇ, "ನಾಳಿಗೆ ಮಸ್ಕಿ ಗುಡ್ಡಕ್ಕ ಹೋಗೂನು ನಡೀರಿ. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಐತಿ, ಈ ಬಳಗಾನೂರಾಗ ಕುಂತು ಯಾಕ ಸಾಯ್ತೀರಿ?" ಅಂದಳು. ಅವ್ವ ತಕ್ಷಣ ಹೂಂ ಅಂದುಬಿಟ್ಟಳು! ಕೂಲಿ ತಪ್ಪುತ್ತೆ ಅಂತ ಸಿಂಧನೂರಿಗೂ ಕರೆದೊಯ್ಯದ ಅವ್ವ. ಈಗ ಭತ್ತದ ಕೊಯ್ಲು ಮುಗಿದಿದೆ, ಕೆಲಸ ಇಲ್ಲ, ಅದಕ್ಕೇ ಇರಬೇಕು.

ಅಪ್ಪನಿಗೆ ಮತ್ತೊಮ್ಮೆ ಕೇಳಿದೆ — ಪಾಸಾದರೆ ಸಿಂಧನೂರಲ್ಲಿ ಪಿಯುಸಿ, ಸೈನ್ಸ್. "ನೋಡೂನು" ಅಂದ. ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು ಬಂದವನಿಗೆ ಅದಕ್ಕಿಂತ ಉದ್ದ ಮಾತು ಬರುವುದಿಲ್ಲ. ಅಪ್ಪನ 'ನೋಡೂನು' ಅಂದರೆ ಹೂಂ ಅಂತಲೇ ಹಿಡಿದಿದ್ದೇನೆ.

ಏಪ್ರಿಲ್ 10, ಸಂಜೆ

ಮಸ್ಕಿ!! ಕಾಲು ನೋಯುತ್ತಿವೆ, ಆದರೂ ಬರೆಯಲೇಬೇಕು.

ನಮ್ಮೂರ ಬಸ್ಸಿನ ಹಾರನ್ ಮುದುಕ ಕೆಮ್ಮಿದ ಹಾಗೆ. ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಕಂಡಕ್ಟರ್ ದಸ್ತಗೀರ್‌ಸಾಬ್ ಕಾಕಾ ಒಬ್ಬೊಬ್ಬರದೂ ಆಧಾರ್ ಕಾರ್ಡು ನೋಡದೆ ಜೀರೋ ಟಿಕೆಟ್ ಹರಿಯುವುದಿಲ್ಲ. ನನ್ನ ಕಾರ್ಡಿನ ಫೋಟೋ ನೋಡಿ, "ಏನ್ ಬೇಟಿ, ಇದು ನೀನಾ, ನಿನ್ನ ತಂಗಿನಾ?" ಅಂದ. ಬಸ್ಸೆಲ್ಲ ನಕ್ಕಿತು. ನನಗೆ ಕಿಟಕಿ ಸೀಟು.

ಅಶೋಕನ ಶಾಸನ ನೋಡಿದೆ. ಹಿಸ್ಟರಿ ಪುಸ್ತಕದ ಕಲ್ಲು, ನಮ್ಮೂರಿಂದ ಒಂದು ಬಸ್ಸಿನ ದೂರದಲ್ಲಿ! ಜಾಲರಿ ಹಿಡಿದು ನಿಂತೇ ಇದ್ದೆ. ಅವ್ವ, "ಕಲ್ಲು ನೋಡಾಕ ಇಷ್ಟು ದೂರ ಬರಬೇಕೇನು? ನಮ್ಮ ಹೊಲದಾಗ ಬೇಕಾದಷ್ಟು ಅದಾವ" ಅಂದಳು. ಆದರೆ ಗುಡ್ಡದ ಮೆಟ್ಟಿಲು ಹತ್ತುವಾಗ ಅವ್ವನೇ ಮುಂದೆ. ಮೇಲೆ ಗಾಳಿಗೆ ಸೆರಗು ಹಾರಿ ಹೋಗಿ, ಹಿಡಿಯಲು ಓಡಿ, ಕೂತು ನಕ್ಕಳು. ಅವ್ವ ಹಾಗೆ ನಗುವುದನ್ನು ನಾನು ನೋಡೇ ಇರಲಿಲ್ಲ. ಖುಷಿಯಾಯಿತು ಅಂತ ಬರೆದರೆ ಕಡಿಮೆ.

ಇಳಿದ ಮೇಲೆ ಅತ್ತಿಯ ಪರಿಚಯದವರ ಮನೆ, ಶಿವಶರಣಪ್ಪ ಅಂತ. ಅವರ ತಾಯಿ ಹಣ್ಣು ಹಣ್ಣು ಮುದುಕಿ. "ಕಣ್ಣು ಕಾಣಂಗಿಲ್ಲ ಮಗಳ, ಸೂಜಿಗಿಷ್ಟು ದಾರ ಹಾಕಿಕೊಡು" ಅಂದಳು. ಹಾಕಿಕೊಟ್ಟೆ. ಆಮೇಲೆ ನೀರು ತಾ ಅಂದಳು, ಬಾಗಿಲ ತನಕ ಹೋಗಿ ಬಾ ಅಂದಳು, ಜಡೆ ಬಿಚ್ಚಿ ಹೆಣೆದಳು. ಪಾಪ, ಮನೆಯಲ್ಲಿ ಮಾತಾಡಿಸುವವರು ಇಲ್ಲ. ಹೊರಡುವಾಗ ಉಡಿ ತುಂಬಿ, "ಲಗೂ ನಡೀರಿ, ಬಸ್ ಬಂತು" ಅಂದಳು. ಬಸ್ಸು ಇನ್ನೂ ಅಷ್ಟು ದೂರ, ತಿರುವಿನಲ್ಲಿತ್ತು! ಎಂಥ ಕಣ್ಣು ಅದು?

ಏಪ್ರಿಲ್ 17

ಸಿಂಧನೂರು. ಐಸ್‌ಕ್ರೀಮ್, ಬಳೆ, ಒಂದು ಜೊತೆ ಚಪ್ಪಲಿ. ಬಿಸಿಲಿಗೆ ಡಾಂಬರು ಕರಗಿ ಹೊಸ ಚಪ್ಪಲಿ ಅಂಟಿಕೊಂಡಿತು. ಅತ್ತಿ ಬೈದಳು, ನಾನೂ ಅವ್ವನೂ ನಕ್ಕೆವು.

ಸ್ಟುಡಿಯೋಗೂ ಹೋಗಿದ್ದೆವು. ಕಾಲೇಜು ಅಡ್ಮಿಷನ್ನಿಗೆ ಫೋಟೋ ಬೇಕಲ್ಲ. ಆದರೆ ಅತ್ತಿ ತನ್ನ ಸೀರೆ ಉಡಿಸಿ, ನಿಲ್ಲಿಸಿ, ಅಡಿಯಿಂದ ಮುಡಿಯ ತನಕ ತೆಗೆಸಿದಳು. "ಅತ್ತಿ, ಕಾಲೇಜಿಗೆ ಕಾಲು ಯಾಕ ಬೇಕಬೇ?" ಅಂದೆ. "ಬಾಯಿ ಬಾಳ ಆತು ನಿಂದು" ಅಂತ ತಲೆಗೆ ಮೊಟಕಿದಳು. ಅವ್ವ ನಗಲಿಲ್ಲ. ಸೆಕೆ ಇರಬೇಕು.

ಏಪ್ರಿಲ್ 24

ಲಿಂಗಸುಗೂರಲ್ಲಿ ಇಳಿದು ಕಬ್ಬಿನ ಹಾಲು ಕುಡಿದು, ಅಲ್ಲಿಂದ ಚಿನ್ನದ ಗಣಿಯ ಹಟ್ಟಿ. ಇಡೀ ಕ್ಲಾಸಿನಲ್ಲಿ ಹಟ್ಟಿ ನೋಡಿದವರು ಯಾರೂ ಇಲ್ಲ, ಶಾಲೆ ಶುರುವಾಗಲಿ ಹೇಳುತ್ತೇನೆ ಅಂದುಕೊಂಡೆ — ಆಮೇಲೆ ನೆನಪಾಯಿತು, ಇನ್ನು ಆ ಶಾಲೆ ಇಲ್ಲ, ಕಾಲೇಜು!

ಶಿವಶರಣಪ್ಪನ ಮಗ ನಿಂಗರಾಜ ಅಲ್ಲಿ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಶಿಫ್ಟ್ ಮುಗಿಸಿ ಬಂದಿದ್ದ. ಅಣ್ಣಾರ, ಕೆಳಗೆ ಉಸಿರಾಡಲು ಹೇಗೆ ಅಂತ ಕೇಳಿದೆ. ಗಾಳಿ ಕೊಳವೆ, ಲಿಫ್ಟು, ಟೋಪಿಯ ಲೈಟು ಎಲ್ಲ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಹೊಸ ಚಪ್ಪಲಿ ನೋಡುತ್ತಿದ್ದ. "ಎಷ್ಟು ವಯಸ್ಸು?" ಅಂತ ಅತ್ತಿಯನ್ನು ಕೇಳಿದ, ನನ್ನನ್ನಲ್ಲ. ಅತ್ತಿ, "ಹದಿನೆಂಟು ತುಂಬ್ಯಾವು" ಅಂದಳು. ನನಗೆ ಹದಿನಾರು ತುಂಬಲು ಇನ್ನೂ ಆಗಸ್ಟ್ ಬರಬೇಕು. ಅತ್ತಿಗೆ ಲೆಕ್ಕ ಬರುವುದಿಲ್ಲ. ಬಸ್ಸಿನಲ್ಲಿ ಹೇಳಿ ನಕ್ಕೆ, ಅತ್ತಿ ಎಲೆ ಅಡಿಕೆ ಚೀಲ ಬಿಚ್ಚಿದಳು.

ಮೇ 2

ಪಾಸ್! ಫಸ್ಟ್ ಕ್ಲಾಸ್! ವಿಜ್ಞಾನದಲ್ಲಿ ನಮ್ಮ ಶಾಲೆಗೇ ಹೆಚ್ಚು!

ಅನುಪಮಾ ಟೀಚರ್ ಅಪ್ಪನ ಫೋನಿಗೇ ಫೋನ್ ಮಾಡಿ ಹೇಳಿದರು. "ಸುಕನ್ಯಾ, ಅರ್ಜಿ ಹಾಕೋದು ತಡ ಮಾಡಬ್ಯಾಡ. ನಾ ನನ್ನ ಮಕ್ಕಳನ್ನ ಕರ್ಕೊಂಡು ಟ್ರಿಪ್ಪಿಗೆ ಹೊಂಟೀನಿ, ತಿಂಗಳ ಕೊನಿಗೆ ಬಂದ ಮ್ಯಾಲೆ ಕಾಲೇಜಿಗೆ ನಾನೇ ಜೋಡಿ ಬರ್ತೀನಿ" ಅಂದರು.

ಸಂಜೆ ಮನೆ ತುಂಬ ಜನ. ಮಸ್ಕಿಯಿಂದ ಜೀಪು ಮಾಡಿಕೊಂಡು ಶಿವಶರಣಪ್ಪನವರು, ಮುದುಕಿ, ಇನ್ನೂ ಐದಾರು ಹೆಂಗಸರು. ಜೀಪಿನ ಹಾರನ್ ಒಂದೇ ಸಮ ಕಿರುಚಿ ಓಣಿಯ ನಾಯಿಗಳೆಲ್ಲ ಎದ್ದವು. ಹಣ್ಣು, ಹೂವು, ಹಸಿರು ಸೀರೆ ತಂದಿದ್ದರು. ಯಾರದೋ ಮಗಳು ಪಾಸಾದದ್ದಕ್ಕೆ ಅಷ್ಟು ದೂರದಿಂದ ಬರುತ್ತಾರಲ್ಲ, ಎಂಥ ಒಳ್ಳೆಯ ಜನ. ಮುದುಕಿ ನನ್ನ ಬಾಯಿಗೆ ಸಕ್ಕರೆ ಹಾಕಿದಳು. "ಇನ್ನಷ್ಟು ಹಾಕ್ರಿ ಅಮ್ಮಾರ" ಅಂದೆ! ಎಲ್ಲರೂ ನಕ್ಕರು. ಎಲ್ಲರ ಕಾಲು ಮುಗಿದೆ. ಅಪ್ಪ ಮೂಲೆಯಲ್ಲಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ನನಗಾಗಿ ಅಪ್ಪ ಅತ್ತದ್ದು ಇದೇ ಮೊದಲು. ಇಂಥ ದಿನ ಮತ್ತೆ ಬರುವುದಿಲ್ಲ.

ಮೇ 3

ಉಪ್ಪು ತರಲು ಮೆಹಬೂಬ್‌ಬೀ ಅಂಗಡಿಗೆ ಹೋಗಿದ್ದೆ. "ಸಕ್ಕರಿ ತಿಂದಿ ಅಂತಲ್ಲವ್ವ? ಹಟ್ಟಿಗೆ ಕೊಟ್ಟರಂತ. ಹುಡುಗ ಚಲೋ ಅದಾನೇನು?" ಅಂದಳು.

ಯಾವ ಹುಡುಗ ಅಂದೆ.

ಆಕೆ ಉಪ್ಪಿನ ಪಾಕೀಟು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು. "ಯಾ ಅಲ್ಲಾ, ನಿನಗ ಹೇಳೇ ಇಲ್ಲೇನು?"

ನಮ್ಮಲ್ಲಿ ಲಗ್ನದ ಮಾತು ಮುಗಿದರೆ ಸಕ್ಕರೆ ಶಾಸ್ತ್ರ. ಹುಡುಗಿ ಸಕ್ಕರೆ ತಿಂದರೆ ಮಾತು ಕೊಟ್ಟಂತೆ. ಗೊತ್ತಿಲ್ಲವೇ ನನಗೆ? ಪಕ್ಕದ ಮನೆಯವರ ಸಕ್ಕರೆಯನ್ನೇ ಎಷ್ಟು ಸಲ ತಿಂದಿದ್ದೇನೆ. ನನ್ನದು ಅಂತ ಹೊಳೆಯಲಿಲ್ಲ. ರಿಸಲ್ಟ್ ಬಂದ ದಿನವಲ್ಲವೇ... ನನ್ನ ಪಾಸಿಗೆ ಅಂತಲೇ ತಿಂದೆ. ಇನ್ನಷ್ಟು ಹಾಕಿ ಅಂದೆ.

ಸೂಜಿ. ಫೋಟೋ. ಹದಿನೆಂಟು.

ಮೇ 4

"ಯವ್ವ, ನಾ ಒಲ್ಲೆ."

"ಒಲ್ಲೆ ಅನ್ನಾಕಿ ಅವತ್ತ ಅನ್ನಬೇಕಿತ್ತು. ಅಷ್ಟು ಮಂದಿ ಮುಂದ ಬಾಯಿ ತೆರದು ಸಕ್ಕರಿ ತಿಂದಿ, ಹಿರ್‍ಯಾರ ಕಾಲು ಮುಗದಿ. ಈಗ ನಿಮ್ಮಪ್ಪ ಯಾವ ಮುಖ ಹೊತ್ತು ಹೋಗಿ ಇಲ್ಲ ಅನ್ನಬೇಕು?"

"ನಾ ಪಾಸಾಗಿದ್ದಕ್ಕ ಅಂತ ತಿಳಕೊಂಡೆ!"

ಅವ್ವ ಒಲೆಯ ಕಡೆ ತಿರುಗಿದಳು. "ನಮ್ಮೂರ ಆದಪ್ಪನ ಮಗಳು ಕಾಲೇಜಿಗಂತ ಬಸ್ ಹತ್ತಿದಾಕಿ ತಿರುಗಿ ಬಂದಳೇನು? ಯಾವನೋ ಒಬ್ಬನ ಕೂಡ ಓಡಿಹೋದಳು. ಆದಪ್ಪ ಇವತ್ತಿಗೂ ತಲಿ ಎತ್ತಿ ಅಡ್ಡಾಡಂಗಿಲ್ಲ."

"ನಾ ಆದಪ್ಪನ ಮಗಳಲ್ಲ."

"ಅಕೀನೂ ಹಂಗ ಅಂತಿದ್ದಳು."

ಅಪ್ಪನ ಮುಂದೆ ಹೋಗಿ ಕೂತೆ. ನೋಡೂನು ಅಂದಿದ್ದೆಯಲ್ಲ ಅಂದೆ. ಎದ್ದು ಹೊರಗೆ ಹೋದ. ಅವತ್ತು ಅತ್ತದ್ದು ಯಾಕೆ ಅಂತ ಈಗ ಗೊತ್ತಾಯಿತು. ಅಳುವವನು ಬೇಡ ಅನ್ನಬಾರದಿತ್ತೇ? ಸಿಟ್ಟಿದೆ ನನಗೆ. ಅಪ್ಪನ ಮೇಲೆಯೇ ಹೆಚ್ಚು.

ಮೇ 11

ಆರು ದಿನ ಏನೂ ಬರೆಯಲಿಲ್ಲ. ಎರಡು ದಿನ ಊಟ ಬಿಟ್ಟೆ, ಅವ್ವನೂ ಬಿಟ್ಟಳು. ಮೂರನೆಯ ದಿನ ಆಕೆ ಬೋರಿನ ಹತ್ತಿರ ತಲೆ ತಿರುಗಿ ಕೂತಳು. ನಾನೇ ಮೊದಲು ರೊಟ್ಟಿ ಮುರಿದೆ.

ಒಬ್ಬಳೇ ಸಿಂಧನೂರಿಗೆ ಹೋಗಿ ಅರ್ಜಿ ಹಾಕೋಣ ಅಂತ ಟ್ರಂಕು ತೆಗೆದರೆ ಆಧಾರ್ ಕಾರ್ಡು ಇಲ್ಲ. "ನನ್ನ ಹತ್ರ ಇರಲಿ ಬಿಡು" ಅಂದಳು ಅವ್ವ. ಕುಪ್ಪಸದೊಳಗೆ ಇಟ್ಟುಕೊಂಡಿದ್ದಾಳೆ. ಆ ಕಾರ್ಡು ಇದ್ದಿದ್ದಕ್ಕೇ ಮಸ್ಕಿ, ಲಿಂಗಸುಗೂರು, ಹಟ್ಟಿ ಎಲ್ಲ ಪುಕ್ಕಟೆ. ಈಗ ಅದಿಲ್ಲ, ಊರ ಬಸ್‌ಸ್ಟ್ಯಾಂಡ್ ದಾಟುವಂತಿಲ್ಲ. ಗಂಡಸರಿಗೆ ಟಿಕೆಟ್ ಖರ್ಚು ಅಂತ ಈಗ ಗಂಡು ನೋಡುವ ಕೆಲಸವೂ ಹೆಂಗಸರದೇ. ನಾನು ಟೂರು ಅಂದುಕೊಂಡಿದ್ದೆ.

ಮೇ 13

ಮೆಹಬೂಬ್‌ಬೀ ಅಂಗಡಿಯ ಒಳಗೆ ಕರೆದು ತನ್ನ ಫೋನು ಕೊಟ್ಟಳು. "ಲಗೂ ಮಾತಾಡು, ನಾ ಏನೂ ನೋಡಿಲ್ಲ." ಟೀಚರ್ ನಂಬರು ಬಾಯಿಪಾಠ. ಶಾಲೆಯ ಕಡೆಯ ದಿನ ಬೋರ್ಡಿನ ಮೇಲೆ ಬರೆದಿದ್ದರು, "ರಜಾದಾಗ ಏನರ ಆದ್ರ ಫೋನ್ ಮಾಡ್ರಿ. ಏನರ ಅಂದ್ರ ಏನರ" ಅಂತ. ನಾವೆಲ್ಲ ನಕ್ಕಿದ್ದೆವು. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್.

ಆಮೇಲೆ ಶಾಲೆ ಗೋಡೆಯ ಮೇಲಿದ್ದ ಮಕ್ಕಳ ಸಹಾಯವಾಣಿ ನಂಬರು, 1098. ರಿಂಗಾಯಿತು. ಯಾರೋ ಹೆಂಗಸು "ಹಲೋ, ಹೇಳಮ್ಮ" ಅಂದಳು. ಪೊಲೀಸರು ಅಪ್ಪನನ್ನು ಜೀಪಿಗೆ ಹತ್ತಿಸುವುದು ಕಣ್ಣಿಗೆ ಬಂತು. ಕಟ್ ಮಾಡಿದೆ. ಹೇಡಿ ನಾನು.

ಮೇ 17

ಅವ್ವ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ತಾನಾಗಿಯೇ ಅಂದಳು, "ಆ ಗುಡ್ಡ ನನಗೂ ಚಲೋ ಅನಿಸಿತ್ತ. ನಿನಗಿಂತ ಸಣ್ಣಾಕಿದ್ದೆ, ಲಗ್ನಾಗಿ ಬಂದೆ. ಅವತ್ತಿಂದ ತಿರುಗಾಡಾಕ ಅಂತ ಹೋಗಿದ್ದು ಅದ ಮೊದಲು."

"ಮತ್ತ ನನಗ್ಯಾಕಬೇ ಹಿಂಗ ಮಾಡ್ತಿ?"

ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟಿದಳು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಮೇ 20

ಲಗ್ನ ನಾಡಿದ್ದು. ಲಿಂಗಸುಗೂರಿನ ಆಚೆ ಯಾವುದೋ ಗುಡಿ.

ಹಂದರ ಇಲ್ಲ, ಬಾಜಾ ಇಲ್ಲ, ಲಗ್ನಪತ್ರಿಕೆ ಅಚ್ಚು ಹಾಕಿಸಿಲ್ಲ. ಹಾಕಿಸಿದರೆ ಅಧಿಕಾರಿಗಳು ಬಂದು ನಿಲ್ಲಿಸುತ್ತಾರೆ. ದಿನದ ಬಟ್ಟೆಯಲ್ಲೇ ಬೆಳಗಿನ ಬಸ್ಸಿಗೆ ಹೋಗುವುದು, ಅಲ್ಲಿ ಸೀರೆ ಉಡುವುದು. ಅತ್ತಿ ಓಣಿಯವರಿಗೆಲ್ಲ ಪಾಠ ಮಾಡಿದ್ದಾಳೆ: "ಯಾರರ ಕೇಳಿದ್ರ ಟೂರಿಗೆ ಹೊಂಟೀವಿ ಅನ್ರಿ. ಸಾಲಿ ರಜಾ ಐತಿ, ಎಲ್ಲಾರೂ ತಿರುಗಾಡ್ತಾರ."

ಹಸಿರು ಸೀರೆ ನನ್ನ ಸ್ಕೂಲ್ ಬ್ಯಾಗಿನಲ್ಲಿ. ಪುಸ್ತಕ ತೆಗೆದು, ಬ್ಯಾಗು ಒರೆಸಿ, ಸೀರೆ ಮಡಚಿ ಇಟ್ಟರು. ಬ್ಯಾಗು ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲವಂತೆ. ವಿಜ್ಞಾನದ ಪುಸ್ತಕ ಅಟ್ಟಕ್ಕೆ ಹೋಯಿತು.

ಆದರೆ ಬಸ್ಸಲ್ಲವೇ! ಇದು ಅವರಿಗೆ ಹೊಳೆದಿಲ್ಲ. ಬಸ್ಸು ಅಂದರೆ ದಸ್ತಗೀರ್‌ಸಾಬ್ ಕಾಕಾ. ಕಾರ್ಡು ಕೇಳೇ ಕೇಳುತ್ತಾನೆ, ಅವ್ವ ಹೊರಗೆ ತೆಗೆಯಲೇಬೇಕು. ಆಗ ಗಟ್ಟಿಯಾಗಿ ಅನ್ನುತ್ತೇನೆ — "ಕಾಕಾ, ನನ್ನ ಹುಟ್ಟಿದ ತಾರೀಖು ಓದ್ರಿ. ಇವತ್ತ ನನ್ನ ಲಗ್ನ ಐತಿ." ಅಷ್ಟೇ. ಬಸ್ಸಿನ ತುಂಬ ಜನ ಇರುತ್ತಾರೆ, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪೊಲೀಸ್ ಬೇಡ, ಅಪ್ಪ ಜೈಲಿಗೆ ಹೋಗುವುದು ಬೇಡ. ಬಸ್ಸು ನಿಂತರೆ ಸಾಕು, ಮುಹೂರ್ತ ತಪ್ಪಿದರೆ ಸಾಕು. ಅಷ್ಟರಲ್ಲಿ ಟೀಚರ್ ಬರುತ್ತಾರೆ.

ಮೇ 21

ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಆ ಮಾತು ಹೇಳಿ ಹೇಳಿ ನೋಡಿದೆ. 'ಲಗ್ನ' ಅನ್ನುವಲ್ಲಿ ದನಿ ನಡುಗುತ್ತದೆ. ತಾರೀಖು ಓದ್ರಿ ಅಂದರೂ ಸಾಕು. ಉಳಿದದ್ದು ಕಾಕಾಗೆ ತಿಳಿಯುತ್ತದೆ.

ಮೇ 22, ಬೆಳಿಗ್ಗೆ

ತಲೆಗೆ ನೀರು ಹಾಕಿದರು. ಹಳೆಯ ಚೂಡಿದಾರ, ಹೊಸ ಚಪ್ಪಲಿ. ಅಪ್ಪನೂ ಅಂಗಿ ಹಾಕಿಕೊಂಡಿದ್ದಾನೆ. ಅವ್ವ ಎರಡೂ ಕಾರ್ಡು ಕೈಯಲ್ಲಿ ಹಿಡಿದಿದ್ದಾಳೆ, ನಾನು ನೋಡಿದೆ. ಹೆದರಿಕೆಯಲ್ಲ... ಹೆದರಿಕೆಯೇ. ಆದರೂ ಹೇಳುತ್ತೇನೆ. ಬಸ್ಸು ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಬಾಗಿಲ ಹತ್ತಿರದ ಸೀಟಿನಲ್ಲೇ ಕೂರಬೇಕು, ಕಾಕಾ ಅಲ್ಲಿಂದಲೇ ಶುರು ಮಾಡು—

ಹಾರನ್ ಆಯಿತು.

ಕೆಮ್ಮಲಿಲ್ಲ. ಒಂದೇ ಸಮ ಕಿರುಚಿತು. ನಾಯಿಗಳು ಬೊಗಳುತ್ತಿವೆ.

ಅತ್ತಿ ಹೊರಗಿಂದ ಅವ್ವನನ್ನು ಕೂಗುತ್ತಿದ್ದಾಳೆ, "ಕರೆಮ್ಮಾ, ಬಸ್ಸಿನ ಗೊಡವಿ ಬ್ಯಾಡಂತ, ಬೀಗರು ಜೀಪ್ ಕಳಿಸ್ಯಾರ! ಲಗೂ ಬರ್ರಿ!"

ಅವ್ವ ಕಾರ್ಡುಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಾಳೆ. ಜೀಪಿನಲ್ಲಿ ಯಾರೂ ಕಾರ್ಡು ಕೇಳುವುದಿಲ್ಲ.

ಈ ಡೈರಿಯನ್ನು ಎಲ್ಲಿಡಲಿ. ಬ್ಯಾಗಿನಲ್ಲಿ ಸೀರೆ. ಅಟ್ಟಕ್ಕೆ ಕೈ ಎಟುಕುವುದಿಲ್ಲ. ಅಕ್ಕಿ ಡಬ್ಬಿಯ ಕೆಳ— ಅವ್ವ ಕರೆಯುತ್ತಿ