ಒಲ್ಲೆ ಎಂದವಳಿಗೆ ಹದಿಮೂರನೆಯ ಪ್ರಶ್ನೆ

ಒಳಮನೆ ಶಕೆ ಇನ್ನೂರ ಹದಿನೇಳು, ತಂಪಿನ ಒಂಬತ್ತನೆಯ ದಿನ
ಕೋಲಾರದ ಹಳೆಯ ಚಿನ್ನದ ಗಣಿ, ನಾಲ್ಕನೆಯ ನೆಲೆ

ವನಮಾಲಾ ಅವರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಬಿಸಿಲು ತಾಳಲಾರದೆ ನಮ್ಮ ಹಿರಿಯರು ಗಣಿಯೊಳಗೆ ಇಳಿದು ಸಂಸಾರ ಹೂಡಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ತಂಪು ಎಂದರೆ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳದೆ ಮೇಲಿನ ನೆಲದಲ್ಲಿ ನಿಲ್ಲಬಹುದಾದ ಎರಡು ತಿಂಗಳು. ಮುಂದೆಯೂ ನಿಮಗೆ ವಿಚಿತ್ರ ಎನಿಸುವ ಮಾತುಗಳು ಬರುತ್ತವೆ. ಹಿಂದಿನವರಿಗೆ ಬರೆಯುವಾಗ ಅದಕ್ಕೆ ಕ್ಷಮೆ ಕೇಳುವುದು ವಾಡಿಕೆ. ಕೇಳಿದ್ದೇನೆ ಅಂದುಕೊಳ್ಳಿ. ನಿಜವಾಗಿ ಕ್ಷಮೆ ಕೇಳಬೇಕಾದವರು ನೀವು.

ಇಲ್ಲಿ ಎಲ್ಲರೂ ನಿಮ್ಮನ್ನು ಪ್ರಶ್ನೆಯಜ್ಜಿ ಎನ್ನುತ್ತಾರೆ. ಮೊನ್ನೆಯವರೆಗೆ ನಾನೂ ಹಾಗೇ ಕರೆದು ಕೈಮುಗಿಯುತ್ತಿದ್ದೆ. ಈಗ ಅಜ್ಜಿ ಅನ್ನಲು ಬಾಯಿ ಬರುತ್ತಿಲ್ಲ.

ನೀವು ನೀಲಿ ಶಾಯಿಯಲ್ಲಿ ಬರೆದ ಒಂದು ಹಾಳೆ ನಮ್ಮ ಬಳಿ ಇದೆ. ಹಿರಿಯರು ಇಳಿದ ಮೊದಲ ವರ್ಷವೇ ತಗಡಿನ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಸಿಕ್ಕಿತಂತೆ. ತಲೆಬರಹ ‘ಒಲ್ಲದ ವೀರನಿಗೆ ಸಂದರ್ಶನದ ಪ್ರಶ್ನೆಗಳು’. ಕೆಳಗೆ ಹನ್ನೆರಡು ಪ್ರಶ್ನೆ, ಕೊನೆಯಲ್ಲಿ ನಿಮ್ಮ ಹೆಸರು, ಅದರ ಪಕ್ಕದಲ್ಲಿ ಚಹಾ ಲೋಟದ ಕಲೆ. ಮೊದಲನೆಯದು, ನಿನ್ನನ್ನೇ ಯಾಕೆ ಆರಿಸಿದರು ಎಂದು ನಿನಗೆ ಅನ್ನಿಸುತ್ತದೆ? ನಾಲ್ಕನೆಯದು, ಪಾತಾಳದ ಬಾಗಿಲಿಗೆ ಹೋಗಲು ಒಪ್ಪುತ್ತೀಯಾ? ಈ ನಾಲ್ಕನೆಯದರ ಮಗ್ಗುಲಲ್ಲಿ ನೀವು ಸಣ್ಣಕ್ಷರದಲ್ಲಿ ಬರೆದಿದ್ದೀರಿ: ‘ಇಲ್ಲ ಎಂದರೆ ಇವನೇ ಸರಿಯಾದ ವೀರ. ತಾನಾಗಿ ಬರುತ್ತೇನೆ ಎನ್ನುವವನನ್ನು ನಂಬಬಾರದು.’ ಹಾಳೆಯ ಹಿಂದೆ, ‘ಬರುವಾಗ ಬೋಂಡಾ ತರುವುದು.’

ನಮಗೆ ನಿಜವಾಗಿಯೂ ಒಂದು ಪಾತಾಳದ ಬಾಗಿಲಿದೆ. ಗಣಿಯ ಅಡಿಯಲ್ಲಿ, ಏರಿದ ನೀರನ್ನು ಹೊರಗೆ ಹರಿಯಬಿಡುವ ಕಬ್ಬಿಣದ ಬಾಗಿಲು. ತಂಪು ಬಂದು ಮೇಲೆ ಮಳೆ ಬಿದ್ದರೆ ಕೆಳಗೆ ನೀರೇರುತ್ತದೆ, ಬಾಗಿಲಿಗೆ ಹೂಳು ಮೆತ್ತಿ ಕಚ್ಚಿಕೊಳ್ಳುತ್ತದೆ. ಯಾರಾದರೂ ಒಬ್ಬರು ಇಳಿದು, ಎದೆಮಟ್ಟ ನೀರಲ್ಲಿ ನಿಂತು ಅದರ ತಿರುಪು ಬಿಡಿಸಬೇಕು. ಇಲ್ಲದಿದ್ದರೆ ನಾಲ್ಕೂ ನೆಲೆ ಮುಳುಗುತ್ತವೆ. ಇಬ್ಬರು ಹೋಗುವಷ್ಟು ದಾರಿ ಇಲ್ಲ. ಯಾರನ್ನು ಕಳಿಸುವುದೆಂದು ತೋಚದೆ ಕುಳಿತಿದ್ದ ಹಿರಿಯರಿಗೆ ನಿಮ್ಮ ಹಾಳೆ ಸಿಕ್ಕಿತು. ಪಾತಾಳದ ಬಾಗಿಲು ಎಂದು ಅದರಲ್ಲೇ ಬರೆದಿದೆಯಲ್ಲ, ಇನ್ನೇನು ಬೇಕು? ತಮಗಾಗಿಯೇ ಯಾರೋ ಪುಣ್ಯಾತ್ಮರು ಬರೆದಿಟ್ಟು ಹೋಗಿದ್ದಾರೆ ಎಂದು ನಂಬಿದರು. ಅವರನ್ನು ನಾನು ಬೈಯುವುದಿಲ್ಲ. ಹೆದರಿದವರಿಗೆ ಬರೆದದ್ದೆಲ್ಲ ವೇದ.

ಅಂದಿನಿಂದ ಪ್ರತಿ ತಂಪಿನ ಐದನೆಯ ದಿನ ಕೇಳ್ಕೆ ನಡೆಯುತ್ತದೆ. ನಿಮ್ಮ ಹನ್ನೆರಡು ಪ್ರಶ್ನೆ ಕೇಳುವ ದಿನಕ್ಕೆ ನಾವಿಟ್ಟ ಹೆಸರು ಅದು. ಅವತ್ತು ಬಿಸಿಲುಕೊಳವೆಗಳನ್ನು ಒರೆಸಿ ತೊಳೆಯುತ್ತೇವೆ. ಮೇಲಿನ ಬೆಳಕನ್ನು ಕನ್ನಡಿಯಿಂದ ಕನ್ನಡಿಗೆ ದಾಟಿಸಿ ಕೆಳಗೆ ತರುವ ಕೊಳವೆಗಳು ಅವು. ಅವುಗಳ ಕೆಳಗೆ ಮಣ್ಣಿನ ಪಾತಿಯಲ್ಲಿ ಬೆಳೆದ ರಾಗಿ ತೆನೆ ತಂದು ತೋರಣ ಕಟ್ಟುತ್ತೇವೆ. ಊರಿಗೆಲ್ಲ ಬೋಂಡಾ ಹಂಚುತ್ತೇವೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಚೀಟಿ ಎತ್ತಿ ಹತ್ತು ಜನರನ್ನು ಮುಂದೆ ಕೂರಿಸುತ್ತೇವೆ. ಓದುಗಿತ್ತಿ ಎದ್ದು ನಿಂತು ನಿಮ್ಮ ಹಾಳೆ ಓದುತ್ತಾಳೆ, ಉತ್ತರ ಬರೆದುಕೊಳ್ಳುತ್ತಾಳೆ. ಹನ್ನೊಂದು ವರ್ಷದಿಂದ ಆ ಓದುಗಿತ್ತಿ ನಾನೇ. ಹನ್ನೊಂದು ಜನರನ್ನು ಕಳಿಸಿದ್ದೇನೆ. ಬಾಗಿಲು ಹೇಗೋ ಪ್ರತಿ ಸಲ ಬಿಡಿಸಿಕೊಂಡಿತು, ಆದರೆ ತಿರುಗಿ ಬಂದವರು ನಾಲ್ವರೇ.

ಇಲ್ಲ ಎಂದವರನ್ನೇ ಆರಿಸುವುದು ಎಲ್ಲರಿಗೂ ಗೊತ್ತಿರುವಾಗ ಯಾರು ಇಲ್ಲ ಅನ್ನುತ್ತಾರೆ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ನಿಮ್ಮ ಹಾಳೆಯ ಮಹಿಮೆ. ಜಾಣರೆಲ್ಲ ಎದೆ ತಟ್ಟಿಕೊಂಡು ಹೋಗುತ್ತೇನೆ ಎಂದು ಕೂಗುತ್ತಾರೆ, ಜಂಬದವರು ಎಂದು ಬಿಟ್ಟುಬಿಡುತ್ತೇವೆ, ಅವರು ಬೋಂಡಾ ತಿಂದು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಪಾತಾಳಕ್ಕೆ ಇಳಿಯುವವರು ವೀರರಲ್ಲ, ಸುಳ್ಳು ಹೇಳಲು ಬಾರದವರು. ತಿಪ್ಪಣ್ಣ ಎಂಬ ಕಮ್ಮಾರನಿದ್ದಾನೆ. ಮೇಲಿನ ಮೂರು ನೆಲೆಗಳಲ್ಲಿರುವ ಇಂಥದೇ ಸಣ್ಣ ನೀರುಬಾಗಿಲುಗಳನ್ನು ನೋಡಿಕೊಳ್ಳುವವನೇ ಅವನು. ಆರು ವರ್ಷದಿಂದ, ಚೀಟಿ ಬರಲಿ ಬಿಡಲಿ, ಮುಂದೆ ಬಂದು ನಿಲ್ಲುತ್ತಾನೆ. ‘ನನ್ನ ಕಳ್ಸ್ರಪ್ಪ, ಆ ತಿರುಪು ಎಡಕ್ಕೆ ತಿರುಗ್ತದೆ, ಬಲಕ್ಕೆ ತಿರುಗ್ಸಿದ್ರೆ ಇನ್ನೂ ಕಚ್ಕೊಳ್ತದೆ’ ಅನ್ನುತ್ತಾನೆ. ಅವನ ಹೆಸರಿನ ಮುಂದೆ ಆರು ಸಲ ‘ಜಂಬ’ ಎಂದು ಬರೆದ ಕೈ ನನ್ನದೇ.

ಈ ವರ್ಷ ಚೀಟಿಯಲ್ಲಿ ನನ್ನ ತಂಗಿ ಯರ್ರಮ್ಮನ ಹೆಸರು ಬಂತು. ಮೂರನೆಯ ನೆಲೆಯ ಅಡುಗೆ ಅವಳದು. ನೂರ ನಲವತ್ತು ಜನರಿಗೆ ಮುದ್ದೆ ತಿರುವುತ್ತಾಳೆ, ಹಂಡೆ ತಾನೇ ಎತ್ತಿ ಇಳಿಸುತ್ತಾಳೆ. ಯಾರಿಗೂ ಹೆದರದವಳು, ನೀರಿಗೆ ಹೆದರುತ್ತಾಳೆ. ಸ್ನಾನದ ತೊಟ್ಟಿಯ ಅಂಚಿಗೂ ಹೋಗುವುದಿಲ್ಲ. ಹಿಂದಿನ ದಿನವೇ ಅವಳ ಕೈ ಹಿಡಿದು, ಹೋಗುತ್ತೇನೆ ಎಂದು ಜೋರಾಗಿ ಹೇಳಿಬಿಡು ಎಂದಿದ್ದೆ. ತಲೆಯಾಡಿಸಿದ್ದಳು. ಕೇಳ್ಕೆಯಲ್ಲಿ ನಾಲ್ಕನೆಯ ಪ್ರಶ್ನೆ ಓದಿದಾಗ ನನ್ನ ಮುಖ ನೋಡಿ ಅವಳು ಹೇಳಿದ್ದು ಇಷ್ಟು: ‘ನಂಗೆ ನೀರಂದ್ರೆ ಭಯ ಕಣಕ್ಕ. ನಿಜ್ವಾಗ್ಲೂ ನಂಗೆ ಬ್ಯಾಡ.’

ಜನ ಚಪ್ಪಾಳೆ ಹೊಡೆದರು, ವನಮಾಲಾ ಅವರೇ. ಅವಳು ಅತ್ತಳು, ಇನ್ನೂ ಜೋರಾಗಿ ಹೊಡೆದರು. ಮುದ್ದೆಕೋಲು ಎತ್ತಿಕೊಂಡು ಬಯ್ಯಲು ನಿಂತಳು, ಆಗ ಊರಿನ ಯಜಮಾನ ಅಂಕಣ್ಣ ಕಣ್ಣೊರೆಸಿಕೊಂಡು ‘ಇವಳೇ ಕಣ್ರಪ್ಪ’ ಅಂದರು. ಅವಳು ಏನು ಮಾಡಿದರೂ ನಿಮ್ಮ ಹಾಳೆಗೆ ಒಪ್ಪುತ್ತಿತ್ತು. ನಾನು ‘ಇಲ್ಲ ಎಂದಳು, ಸರಿ’ ಎಂದು ಬರೆದೆ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಹಾಳೆಯನ್ನು ತಿರುಗಿ ಇಡುವಾಗ ಡಬ್ಬಿ ಕೈಜಾರಿ ಬಿತ್ತು. ತಳಕ್ಕೆ ಅಂಟಿಸಿದ್ದ ಕಾಗದ ಕಿತ್ತು ಬಂದು, ಅದರಡಿಯಿಂದ ಒಂದು ದಾಳವೂ ಇನ್ನೊಂದು ಹಾಳೆಯೂ ಹೊರಬಿದ್ದವು. ಅದೂ ನಿಮ್ಮದೇ ಅಕ್ಷರ. ‘ನಮ್ಮ ಭಾನುವಾರದ ಆಟದ ನಿಯಮಗಳು’ ಎಂದಿತ್ತು. ರಾಕ್ಷಸರಿಗೆ ಎಷ್ಟು ಅಂಕ, ಮಾಂತ್ರಿಕನಿಗೆ ಎಷ್ಟು ಅಂಕ, ಒಲ್ಲದ ವೀರನ ವೇಷ ಯಾರು ಹಾಕಬೇಕು. ಕೊನೆಯ ಸಾಲು ಹೀಗಿತ್ತು: ‘ಆಟ ಮುಗಿದ ಮೇಲೆ ಸತ್ತವರೆಲ್ಲ ಎದ್ದು ಬಂದು ಬೋಂಡಾ ತಿನ್ನಬಹುದು.’

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಮ್ಮ ಏಳು ಜನ ಎದ್ದು ಬರಲಿಲ್ಲ. ನನ್ನ ಕಾಲದ ಏಳು ಮಾತ್ರ ನಾನು ಹೇಳುತ್ತಿರುವುದು. ಅದಕ್ಕೆ ಮೊದಲಿನ ಇನ್ನೂರು ವರ್ಷದ ಸಂಗತಿ ಕೇಳಲು ನನಗೇ ಧೈರ್ಯವಿಲ್ಲ. ನೀವು ಆಡಿದ್ದು ತಪ್ಪಲ್ಲ, ಆಡಬೇಕು. ಆದರೆ ಬೇಡ ಅನ್ನುವವನ ಬೇಡವನ್ನು ಯಾಕೆ ಕಿತ್ತುಕೊಂಡಿರಿ? ಅವನು ಹೆದರಿದ್ದಾನೆ, ಹೋಗಲಿ ಬಿಡಿ ಎಂದು ನಿಮ್ಮ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಬಾಗಿಲು ಬಿಡಿಸಲು ಬರುತ್ತದೆಯೇ ಎಂದು ಹನ್ನೆರಡರಲ್ಲಿ ಒಂದು ಪ್ರಶ್ನೆಯಾದರೂ ಬೇಡವೇ? ಹನ್ನೆರಡನೆಯದರಲ್ಲಿ ಏನು ತಿನ್ನುತ್ತೀಯ ಎಂದು ಕೇಳಲು ಮಾತ್ರ ನೆನಪಿತ್ತು.

ಎರಡನೆಯ ಹಾಳೆಯನ್ನು ಅಂಕಣ್ಣನವರಿಗೆ ಓದಿ ಹೇಳಿದೆ. ಅವರು ಕೆಟ್ಟವರಲ್ಲ, ವಯಸ್ಸಾದವರು. ಇಷ್ಟು ಜನ ಸುಮ್ಮನೆ ಸತ್ತರು ಎಂದು ಒಪ್ಪಿಕೊಳ್ಳುವ ಶಕ್ತಿ ಅವರಲ್ಲಿ ಉಳಿದಿಲ್ಲ. ‘ಇದು ಅಜ್ಜಿ ನಮ್ಗೆ ಮಾಡಿರೋ ಪರೀಕ್ಷೆ ಕಣಮ್ಮ. ಬ್ಯಾಡ ಅಂದೋರ್ನ ಬಿಟ್ಬಿಡಿ ಅಂತ ಪ್ರಶ್ನೆ ಹಾಳೇಲಿ ಅಜ್ಜಿ ಕೈಯಿಂದ್ಲೇ ಬರ್ದಿದ್ರೆ ತೋರ್ಸು, ನಡೆಸ್ಕೊಡ್ತೀನಿ’ ಎಂದರು.

ಆದ್ದರಿಂದ ಈ ಕಾಗದ. ನಿಮ್ಮ ಹೆಸರಿನ ಮೇಲೆ, ಚಹಾ ಕಲೆಯ ಹತ್ತಿರ, ಎರಡು ಬೆರಳಷ್ಟು ಜಾಗ ಖಾಲಿ ಬಿಟ್ಟಿದ್ದೀರಿ. ಅಲ್ಲಿ ಇನ್ನೊಂದು ಪ್ರಶ್ನೆ ಬರೆಯಿರಿ ಎಂದು ಬೇಡಿಕೊಳ್ಳಲು ಕುಳಿತೆ. ಆದರೆ ಇದು ನಿಮಗೆ ತಲುಪುತ್ತದೋ ಇಲ್ಲವೋ, ತಲುಪಿದರೂ ಅದೂ ನಿಮಗೊಂದು ಆಟವೋ ಏನೋ. ಯರ್ರಮ್ಮ ಇಳಿಯಬೇಕಾದದ್ದು ನಾಳೆ ಬೆಳಗ್ಗೆ. ನಾನು ಕಾಯಲಿಲ್ಲ. ತಂಪಿಗೆ ಮೇಲೆ ಹೋದವರು ತಂದ ನೇರಳೆ ಹಣ್ಣಿನ ರಸ ಹಿಂಡಿ, ಒಲೆಯ ಮಸಿ ಬೆರೆಸಿ, ನಿಮ್ಮ ಶಾಯಿಯ ಬಣ್ಣಕ್ಕೆ ತಂದೆ. ನಾಲ್ಕು ದಿನ ನಿಮ್ಮ ಅಕ್ಷರ ತಿದ್ದಿದೆ. ಕೊಂಬು ಉದ್ದ ಎಳೆಯುತ್ತೀರಿ, ಒತ್ತಕ್ಷರ ಅವಸರದಲ್ಲಿ ಬರೆಯುತ್ತೀರಿ. ಹನ್ನೊಂದು ವರ್ಷ ಓದಿದವಳಿಗೆ ಕಷ್ಟವಾಗಲಿಲ್ಲ. ಇವತ್ತು ಬರೆದು ಒಣಗಿಸಿದ್ದೇನೆ:

‘೧೩. ಬೇಡ ಎಂದವರು ಮನೆಗೆ ಹೋಗಲಿ, ಅವರನ್ನು ಮತ್ತೆ ಕೇಳಬಾರದು. ಹೋಗುತ್ತೇನೆ ಎಂದವರು ಹೇಳಲಿ, ಬಾಗಿಲಿನ ತಿರುಪು ಯಾವ ಕಡೆಗೆ ತಿರುಗುತ್ತದೆ?’

ಬರಹದ ಅರ್ಧ ಭಾಗ ಚಹಾ ಕಲೆಯ ಮೇಲೆ ಬಂದಿದೆ. ಇಷ್ಟು ದಿನ ಮಾಸಿ ಕಾಣದೆ ಹೋಗಿತ್ತು ಎಂದು ಬೆಳಗ್ಗೆ ಅಂಕಣ್ಣನವರಿಗೆ ಹೇಳುತ್ತೇನೆ. ತಿಪ್ಪಣ್ಣ ಹಗ್ಗ ಎಣ್ಣೆ ಸಿದ್ಧ ಮಾಡಿಟ್ಟುಕೊಂಡಿದ್ದಾನೆ. ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಎಂದಾದರೂ, ಎಲ್ಲಾದರೂ, ಯಾರಾದರೂ ಕೇಳಿದರೆ, ಹದಿಮೂರನ್ನೂ ನಾನೇ ಬರೆದೆ ಎಂದು ಹೇಳಿ. ಅಷ್ಟಾದರೂ ಮಾಡಿ.

ಯರ್ರಮ್ಮನಿಗೆ ಇನ್ನೂ ತಿಳಿಸಿಲ್ಲ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಓದುಗಿತ್ತಿ ನರಸಕ್ಕ